ತಪ್ಪಿದ ತಾರೀಖುಗಳ ಸಂಕಟ

ಕ್ಯಾನ್ಸರ್ ಚಿಕಿತ್ಸೆ ತಾರೀಖುಗಳನ್ನು ನೆಚ್ಚಿಕೊಂಡ ಚಿಕಿತ್ಸೆ. ಶಸ್ತ್ರಚಿಕಿತ್ಸೆಯ ಗಾಯ ಮಾಯ್ದ ಕೆಲವು ವಾರಗಳೊಳಗೆ ಮುಂದಿನ ಹಂತ ಆರಂಭವಾಗಬೇಕು. ಗಡ್ಡೆಯ ಜೀವಕೋಶಗಳನ್ನು ಕೊಲ್ಲುವ ಔಷಧವನ್ನು ರಕ್ತನಾಳದ ಮೂಲಕ ಹರಿಸುವ ಕಿಮೋಥೆರಪಿ ಅನೇಕ ಸಂದರ್ಭಗಳಲ್ಲಿ ಮೂರು ವಾರಕ್ಕೊಮ್ಮೆ ನಡೆಯಬೇಕು. ಜನರು ‘ಕರೆಂಟ್ ಕೊಡಿಸುವುದು’ ಎಂದು ಕರೆಯುವ ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಹಲವು ವಾರ ಎಡೆಬಿಡದೆ ಸಾಗಬೇಕು. ಗರ್ಭಕೊರಳಿನ ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆ ಒಟ್ಟು ಎಂಟು ವಾರಗಳೊಳಗೆ ಮುಗಿಯಬೇಕೆಂಬುದು ವೈದ್ಯರು ಪಾಲಿಸುವ ನಿಯಮ, ಏಕೆಂದರೆ ನಡುವೆ ಬೀಳುವ ಬಿಡುವಿನಲ್ಲಿ ಅಳಿದುಳಿದ ರೋಗಕೋಶಗಳು ಮತ್ತೆ ಬೆಳೆಯುವ ಅವಕಾಶ ಪಡೆಯುತ್ತವೆ. ಈ ಲೆಕ್ಕದ ಹಿಂದಿನ ವಿಜ್ಞಾನ ರೋಗಿಗೆ ತಿಳಿದಿರಲಿ ಬಿಡಲಿ, ತಾರೀಖು ತಪ್ಪಿಸಬಾರದು ಎಂಬ ಎಚ್ಚರಿಕೆ ಮೊದಲ ದಿನವೇ ಕಿವಿಗೆ ಬಿದ್ದಿರುತ್ತದೆ, ಮತ್ತು ಆಸ್ಪತ್ರೆಯ ಚೀಟಿಯಲ್ಲಿ ಬರೆದುಕೊಟ್ಟ ಮುಂದಿನ ತಾರೀಖನ್ನೇ ಹಿಡಿದುಕೊಂಡು ಮನೆಮಂದಿಯೆಲ್ಲ ದಿನ ದೂಡುತ್ತಾರೆ. 2020ರಲ್ಲಿ ಬಂದ ಕೋವಿಡ್ ಮಹಾಮಾರಿ ಕ್ಯಾನ್ಸರ್ ರೋಗಿಗಳ ಮನಸ್ಸಿಗೆ ಮಾಡಿದ ಗಾಯವನ್ನು ಅರಿಯಬೇಕಾದರೆ ಈ ತಾರೀಖುಗಳು ಹೇಗೆ ತಪ್ಪಿದವು, ತಪ್ಪಿದಾಗ ಅದಕ್ಕೆ ಕಾರಣ ಹೇಳುವವರು ಯಾರಿದ್ದರು ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ.

ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ತಕ್ಕ ಪ್ರದೇಶಗಳು. ಕಾಗಿಣಾ ಮತ್ತು ಮುಲ್ಲಾಮಾರಿ ಹೊಳೆಗಳ ಈ ಸೀಮೆ ತೊಗರಿಗೂ, ನೆಲಕ್ಕೆ ಹಾಸುವ ಶಹಾಬಾದ್ ಪರ್ಸಿಗೂ, ಸುಣ್ಣದಕಲ್ಲನ್ನು ನೆಚ್ಚಿ ವಾಡಿ, ಸೇಡಂ, ಮಳಖೇಡಗಳಲ್ಲಿ ಎದ್ದುನಿಂತ ಸಿಮೆಂಟ್ ಕಾರ್ಖಾನೆಗಳಿಗೂ ಹೆಸರಾದದ್ದು. ಕಾರ್ಖಾನೆಯ ಕಾಯಂ ನೌಕರರು, ಗಣಿಯ ದಿನಗೂಲಿಗಳು, ಒಣಬೇಸಾಯದ ಸಣ್ಣ ರೈತರು, ಸುಗ್ಗಿ ಮುಗಿದೊಡನೆ ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ತಾಂಡಾಗಳ ಮಂದಿ ಇಲ್ಲಿ ಅಕ್ಕಪಕ್ಕದಲ್ಲೇ ಬದುಕುತ್ತಾರೆ. ಇವರಲ್ಲಿ ಯಾರಿಗೇ ಕ್ಯಾನ್ಸರ್ ಬಂದರೂ ಚಿಕಿತ್ಸೆಗಾಗಿ ಊರು ಬಿಡಲೇಬೇಕು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಕಲಬುರಗಿಯಲ್ಲಿ ಒಂದು ಪ್ರಾದೇಶಿಕ ಶಾಖೆ ಇದೆ. ಅಲ್ಲಿ ಆಗದ ಚಿಕಿತ್ಸೆಗೆ ಸುಮಾರು ಆರುನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು, ಇಲ್ಲವೆ ರಾಜ್ಯದ ಗಡಿ ದಾಟಿ ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಸಂಸ್ಥೆಗೋ ಬಸವತಾರಕಂ ಆಸ್ಪತ್ರೆಗೋ, ಮಹಾರಾಷ್ಟ್ರದ ಸೊಲ್ಲಾಪುರಕ್ಕೋ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆಗೋ ಮುಖ ಮಾಡಬೇಕು. ವಾಡಿ ಜಂಕ್ಷನ್ನಿನಲ್ಲಿ ಕೂಡುವ ರೈಲುಮಾರ್ಗಗಳು ಇದನ್ನೆಲ್ಲ ಸಾಧ್ಯವಾಗಿಸಿವೆ: ಒಂದು ಹಳಿ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದಿಗೆ ಹೋದರೆ, ಇನ್ನೊಂದು ಶಹಾಬಾದ್, ಕಲಬುರಗಿಗಳ ಮೂಲಕ ಸೊಲ್ಲಾಪುರಕ್ಕೆ ಹೋಗುತ್ತದೆ. ಚಿಂಚೋಳಿಗೆ ಆ ಅನುಕೂಲವೂ ಇಲ್ಲ; ಅಲ್ಲಿಯವರು ಬಸ್ಸಿಗಾಗಿಯೇ ಕಾಯಬೇಕು.

ಭಾರತದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲೇ ದಾಖಲಾಯಿತು. 2020ರ ಮಾರ್ಚ್ 10ರಂದು ಹೈದರಾಬಾದಿನ ಆಸ್ಪತ್ರೆಗಳಿಂದ ಮರಳಿ ಬರುವ ದಾರಿಯಲ್ಲಿ ತೀರಿಕೊಂಡ ಹಿರಿಯರೊಬ್ಬರಿಗೆ ಸೋಂಕು ತಗಲಿತ್ತೆಂದು ಎರಡು ದಿನಗಳ ನಂತರ ದೃಢಪಟ್ಟಾಗ, ದೇಶದ ಉಳಿದೆಡೆ ಇನ್ನೂ ದೂರದ ಸುದ್ದಿಯಾಗಿದ್ದ ರೋಗ ಈ ಜಿಲ್ಲೆಯ ಮನೆಬಾಗಿಲಿಗೆ ಬಂದು ನಿಂತಂತಾಯಿತು. ಆ ದಾರಿಯನ್ನು ಇಲ್ಲಿಯ ಕ್ಯಾನ್ಸರ್ ರೋಗಿಗಳೂ ವರ್ಷಗಳಿಂದ ಹಿಡಿಯುತ್ತಿದ್ದುದರಿಂದ ಅವರಿಗೆ ತಟ್ಟಿದ ಭಯ ಉಳಿದವರದಕ್ಕಿಂತ ಬೇರೆ ಬಗೆಯದು. ಮಾರ್ಚ್ 22ರ ಜನತಾ ಕರ್ಫ್ಯೂ ದಿನದಿಂದ ಪ್ರಯಾಣಿಕ ರೈಲುಗಳು ನಿಂತವು. ಯುಗಾದಿಯ ದಿನವಾದ ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಜಾರಿಗೆ ಬಂದಿತು. ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ಉಚಿತವಾಗಿಯೂ ಜೊತೆಗೆ ಹೋಗುವವರಿಗೆ ಕಾಲುಭಾಗ ದರದಲ್ಲಿಯೂ ಪ್ರಯಾಣ ಕೊಡುವ ರೈಲ್ವೆಯ ರಿಯಾಯಿತಿ, ಬೇರೆ ಅನೇಕ ರಿಯಾಯಿತಿಗಳು ರದ್ದಾದಾಗಲೂ ಉಳಿದುಕೊಂಡಿತ್ತು. ಆದರೆ ಹತ್ತಲು ಗಾಡಿಯೇ ಇರಲಿಲ್ಲ. ಜೂನ್ 1ರಿಂದ ಕೆಲವು ಎಕ್ಸ್‌ಪ್ರೆಸ್ ಗಾಡಿಗಳು ವಿಶೇಷ ಗಾಡಿಗಳೆಂಬ ಹೆಸರಿನಲ್ಲಿ ಓಡತೊಡಗಿದರೂ, ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವ, ಬಡವರ ಕೈಗೆಟುಕುವ ಪ್ಯಾಸೆಂಜರ್ ಗಾಡಿಗಳು ಬಹುಕಾಲ ಬರಲಿಲ್ಲ. ರಾಜ್ಯಗಳ ಗಡಿಗಳಲ್ಲಿ ತಡೆಗಂಬಗಳು ಬಂದವು, ಪಾಸ್ ಇಲ್ಲದೆ ದಾಟುವಂತಿರಲಿಲ್ಲ. ಸೇಡಂ, ಚಿಂಚೋಳಿಗಳ ಜನಕ್ಕೆ ತೆಲಂಗಾಣದ ಗಡಿ ಎಂದೂ ಗಡಿಯೆನಿಸಿರಲಿಲ್ಲ. ತಾಂಡೂರಿನ ಸಂತೆ, ಜಹೀರಾಬಾದಿನ ನೆಂಟಸ್ತಿಕೆ ಅವರ ದಿನಬಳಕೆಯ ಸಂಗತಿಗಳು. ಅದೇ ಗಡಿ ಏಕಾಏಕಿ ಚಿಕಿತ್ಸೆಗೂ ಬದುಕಿಗೂ ನಡುವಣ ಗೋಡೆಯಾಯಿತು.

ಕ್ಯಾನ್ಸರ್ ರೋಗಿಗಳ ಮನಸ್ಸಿನ ಸ್ಥಿತಿಯನ್ನು ಕುರಿತ ವೈದ್ಯಶಾಖೆಗೆ ಮನೋ–ಗಂಥಿಶಾಸ್ತ್ರ ಎಂದು ಹೆಸರು. ಅಮೆರಿಕದ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಅವರು 1977ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಒಂದು ವಿಭಾಗ ಕಟ್ಟಿದಂದಿನಿಂದ ಈ ಶಾಖೆ ಬೆಳೆದಿದೆ. ಇಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವ ಪರಿಕಲ್ಪನೆ ‘ಸಂಕಟ’. ಕಾಯಿಲೆಯನ್ನೂ ಚಿಕಿತ್ಸೆಯನ್ನೂ ತಾಳಿಕೊಳ್ಳುವ ಶಕ್ತಿಯನ್ನೇ ಕುಂದಿಸುವ ದುಃಖ, ಭಯ, ಒಂಟಿತನ, ನಿರಾಶೆಗಳೆಲ್ಲ ಅದರಲ್ಲಿ ಅಡಕವಾಗಿವೆ. ಯಾರಿಗೂ ಬರಬಹುದಾದ ಸಹಜ ಕಳವಳದಿಂದ ಹಿಡಿದು ಚಿಕಿತ್ಸೆ ಬೇಡುವ ಖಿನ್ನತೆಯವರೆಗೆ ಅದರ ವ್ಯಾಪ್ತಿ ಇದೆ. ನಾಡಿ, ಉಸಿರು, ಜ್ವರ, ರಕ್ತದೊತ್ತಡ, ನೋವುಗಳ ಜೊತೆಗೆ ಸಂಕಟವನ್ನೂ ಆರನೆಯ ಜೀವಲಕ್ಷಣವೆಂದು ಪ್ರತಿ ಭೇಟಿಯಲ್ಲೂ ಅಳೆಯಬೇಕೆಂಬುದು ಈ ಶಾಖೆಯ ತಜ್ಞರ ಒತ್ತಾಯ. ಅದಕ್ಕಾಗಿ ಅವರು ಮಾಡಿಕೊಂಡ ಸಾಧನ ಬಹಳ ಸರಳವಾದದ್ದು: ಸೊನ್ನೆಯಿಂದ ಹತ್ತರವರೆಗೆ ಗೆರೆ ಹಾಕಿದ ಒಂದು ಉಷ್ಣಮಾಪಕದ ಚಿತ್ರ ತೋರಿಸಿ, ಕಳೆದ ವಾರ ಮನಸ್ಸಿನ ತೊಳಲಾಟ ಎಷ್ಟಿತ್ತೆಂದು ಕೇಳುವುದು, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಎಂದವರನ್ನು ಕೂರಿಸಿಕೊಂಡು ವಿವರವಾಗಿ ಮಾತಾಡಿಸುವುದು. ಈ ಮಾಪಕದೊಂದಿಗೆ ಬರುವ ಸಮಸ್ಯೆಗಳ ಪಟ್ಟಿಯಲ್ಲಿ ಭಯ, ದುಃಖಗಳ ಜೊತೆಗೆ ಹಣ, ಮನೆಯ ಜವಾಬ್ದಾರಿ, ಆಸ್ಪತ್ರೆಗೆ ಹೋಗಿಬರುವ ವಾಹನ ಇವೂ ಸೇರಿವೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಬಸ್ಸಿಲ್ಲದಿರುವುದು ಮನೋವ್ಯಥೆಯ ಕಾರಣಗಳಲ್ಲಿ ಒಂದೆಂದು ಶಾಸ್ತ್ರವೇ ಒಪ್ಪಿಕೊಂಡಿದೆ.

ಮಹಾಮಾರಿಗೆ ಮೊದಲೂ ಈ ಸಂಕಟ ಸಣ್ಣದಾಗಿರಲಿಲ್ಲ. ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೇರವಾಗಿ ಸಂದರ್ಶಿಸಿ ನಡೆಸಿದ 94 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಖಿನ್ನತೆ, ಆತಂಕ, ಹೊಂದಾಣಿಕೆಯ ತೊಂದರೆಗಳನ್ನು ಒಟ್ಟಾಗಿ ನೋಡಿದರೆ ಪ್ರತಿ ಹತ್ತು ಕ್ಯಾನ್ಸರ್ ರೋಗಿಗಳಲ್ಲಿ ಮೂವರಿಂದ ನಾಲ್ವರಿಗೆ ಇಂಥದ್ದೊಂದು ಇರುತ್ತದೆ. ಕರ್ನಾಟಕದ ಮಟ್ಟಿಗೆ ನಿಮ್ಹಾನ್ಸ್‌ನ ಮನೋವೈದ್ಯರಾದ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲೇ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದವರ ಆತಂಕ ಮತ್ತು ಖಿನ್ನತೆಯನ್ನು ಅಳೆದು ಬರೆದಿದ್ದಾರೆ. ಇಷ್ಟು ಹಿಂದೆಯೇ ತಿಳಿದಿದ್ದ ಸಂಗತಿ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದ ಆಸ್ಪತ್ರೆಗಳ ದಿನನಿತ್ಯದ ಕೆಲಸದೊಳಗೆ ಇಳಿಯದೆ ಹೋದದ್ದು ದುಃಖದ ವಿಷಯ, ಮತ್ತು ಅದರ ಬೆಲೆ 2020ರಲ್ಲಿ ತೆರಬೇಕಾಯಿತು.

ಆ ವರ್ಷ ಏನಾಯಿತೆಂಬುದಕ್ಕೆ ದೇಶದ ಮಟ್ಟದ ಗಟ್ಟಿ ಲೆಕ್ಕ ಲಭ್ಯವಿದೆ. ಟಾಟಾ ಸ್ಮಾರಕ ಆಸ್ಪತ್ರೆಯ ನೇತೃತ್ವದ ರಾಷ್ಟ್ರೀಯ ಕ್ಯಾನ್ಸರ್ ಜಾಲಕ್ಕೆ ಸೇರಿದ 41 ಕೇಂದ್ರಗಳಲ್ಲಿ 2019ರ ಮಾರ್ಚ್‌ನಿಂದ ಮೇವರೆಗೆ 1,12,270 ಹೊಸ ರೋಗಿಗಳು ಹೆಸರು ಬರೆಸಿದ್ದರೆ, 2020ರ ಅದೇ ಮೂರು ತಿಂಗಳಲ್ಲಿ ಆ ಸಂಖ್ಯೆ 51,760ಕ್ಕೆ ಇಳಿಯಿತು. ಮರುಭೇಟಿಗಳು ಶೇಕಡ 46ರಷ್ಟು, ದೊಡ್ಡ ಶಸ್ತ್ರಚಿಕಿತ್ಸೆಗಳು ಶೇಕಡ 49ರಷ್ಟು, ಹೊರರೋಗಿಗಳಿಗೆ ಕೊಡುವ ಕಿಮೋಥೆರಪಿ ಶೇಕಡ 37ರಷ್ಟು ಕಡಿಮೆಯಾದವು. ಈ ಅಂಕಿಗಳನ್ನು ಸಾಮಾನ್ಯವಾಗಿ ಆಸ್ಪತ್ರೆಗಳ ಕೆಲಸದ ಇಳಿಕೆಯೆಂದು ಓದಲಾಗುತ್ತದೆ. ಮನೆಯ ಕಡೆಯಿಂದ ಓದಿದರೆ ಅವು ಕಾಯುತ್ತ ಕುಳಿತವರ ಎಣಿಕೆ: ಎದೆಯಲ್ಲಿ ಗಂಟು ಕೈಗೆ ಸಿಕ್ಕಿಯೂ ತೋರಿಸಲಾಗದ ಹೆಣ್ಣುಮಗಳು, ನಾಲ್ಕನೆಯ ಸುತ್ತಿನ ಔಷಧಕ್ಕೆ ಹೋಗಬೇಕಾಗಿದ್ದವನು, ಬಾಯಿಯೊಳಗಿನ ಹುಣ್ಣು ಮಾಯದೆ ಎರಡು ತಿಂಗಳಾದ ಗಣಿಕೆಲಸಗಾರ ಇವರೆಲ್ಲ ಅಲ್ಲಿದ್ದಾರೆ. ಕಾಯುವಿಕೆಗೆ ಕೊನೆ ಗೊತ್ತಿದ್ದರೆ ಮನಸ್ಸು ಅದನ್ನು ತಾಳಿಕೊಳ್ಳುತ್ತದೆ. ಲಾಕ್‌ಡೌನಿನ ಅವಧಿ ಪದೇಪದೇ ಮುಂದಕ್ಕೆ ಹೋಗುತ್ತಿದ್ದುದರಿಂದ ಆ ಕೊನೆಯೂ ಕಾಣದಾಯಿತು, ದೇಹದ ಪ್ರತಿ ನೋವೂ ಪ್ರತಿ ಊತವೂ ರೋಗ ಹರಡುತ್ತಿರುವ ಸೂಚನೆಯಾಗಿ ತೋರತೊಡಗಿತು.

ಚಿಕಿತ್ಸೆಯ ನಡುವೆ ಇದ್ದವರಿಗೆ ಎದುರಾದ ಅತ್ಯಂತ ಕ್ರೂರವಾದ ಇಕ್ಕಟ್ಟು ಜ್ವರದ್ದು. ಕಿಮೋಥೆರಪಿಯ ಔಷಧ ಗಡ್ಡೆಯ ಜೊತೆಗೆ ಮೂಳೆಮಜ್ಜೆಯನ್ನೂ ತಾತ್ಕಾಲಿಕವಾಗಿ ಬಡಿಯುವುದರಿಂದ, ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣಗಳು ಔಷಧ ಪಡೆದ ಒಂದೆರಡು ವಾರಗಳ ಹೊತ್ತಿಗೆ ತೀರ ಕಡಿಮೆಯಾಗಿರುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರವೂ ತುರ್ತುಸ್ಥಿತಿ. ಕೆಲವೇ ಗಂಟೆಗಳೊಳಗೆ ಆಸ್ಪತ್ರೆ ಸೇರಿ ಪ್ರತಿಜೀವಕ ಔಷಧ ಪಡೆಯದಿದ್ದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಜ್ವರ ಬಂದರೆ ಕೂಡಲೇ ಬನ್ನಿ ಎಂದು ರೋಗಿಗೆ ಮೊದಲೇ ಹೇಳಿ ಕಳಿಸಿರುತ್ತಾರೆ. 2020ರಲ್ಲಿ ಅದೇ ಜ್ವರ ಕೋವಿಡ್ಡಿನ ಗುರುತೂ ಆಯಿತು. ಜ್ವರವೆಂದು ಹೇಳಿದರೆ ಗಂಟಲದ್ರವದ ಪರೀಕ್ಷೆ, ವರದಿ ಬರುವವರೆಗೆ ಪ್ರತ್ಯೇಕ ವಾರ್ಡು, ಮನೆಮಂದಿಗೆಲ್ಲ ಕ್ವಾರಂಟೈನ್, ಓಣಿಗೆ ಸೀಲ್‌ಡೌನ್; ಹೇಳದಿದ್ದರೆ ಜೀವಕ್ಕೆ ಕುತ್ತು. ಯಾವ ಕಡೆ ಹೋದರೂ ತನ್ನಿಂದಲೇ ಮನೆಯವರಿಗೆ ಕಷ್ಟ ಬಂತೆಂಬ ಅಪರಾಧಭಾವ ರೋಗಿಯನ್ನು ಹಿಂಡುವಂಥ ಸ್ಥಿತಿ ಇದು. ಉಷ್ಣಮಾಪಕ ಮನೆಯಲ್ಲಿದ್ದರೂ ನೋಡಲು ಹೆದರುವ ಹಂತಕ್ಕೆ ಭಯ ಮುಟ್ಟಿದರೆ ಅದನ್ನು ಅಜ್ಞಾನ ಎನ್ನಲಾಗದು.

ಸುದ್ದಿಯೂ ಈ ಭಯಕ್ಕೆ ಮೇವು ಒದಗಿಸಿತು. ಚೀನಾದ 1,590 ಕೋವಿಡ್ ರೋಗಿಗಳ ಪೈಕಿ ಕ್ಯಾನ್ಸರ್ ಇದ್ದ ಕೇವಲ 18 ಮಂದಿಯನ್ನು ಪರಿಶೀಲಿಸಿ, ಅಂಥವರಲ್ಲಿ ಸೋಂಕು ಉಲ್ಬಣಿಸುವ ಸಂಭವ ಹೆಚ್ಚು ಎಂದು 2020ರ ಆರಂಭದಲ್ಲಿ ಪ್ರಕಟವಾದ ವರದಿ ಜಗತ್ತಿನಾದ್ಯಂತ ಹರಡಿತು. ಹದಿನೆಂಟು ಮಂದಿಯ ಮೇಲಿನ ಮಾತು ಎಲ್ಲರಿಗೂ ಅನ್ವಯಿಸದೆಂದು ತಜ್ಞರು ಬೇಗನೆ ಎಚ್ಚರಿಸಿದರೂ ಆ ಎಚ್ಚರಿಕೆ ಮೊದಲ ಸುದ್ದಿಯಷ್ಟು ದೂರ ಹೋಗಲಿಲ್ಲ. ರಾಜ್ಯ ಸರ್ಕಾರ ಪ್ರತಿದಿನ ಹೊರಡಿಸುತ್ತಿದ್ದ ಪ್ರಕಟಣೆಯಲ್ಲಿ ತೀರಿಕೊಂಡವರ ವಯಸ್ಸು ಮತ್ತು ಜಿಲ್ಲೆಯ ಜೊತೆಗೆ ಅವರಿಗೆ ಮೊದಲೇ ಇದ್ದ ಕಾಯಿಲೆಗಳ ಹೆಸರೂ ಇರುತ್ತಿತ್ತು. ಆರೋಗ್ಯವಂತರು ಅದನ್ನು ಓದಿ ‘ಅವರಿಗೆ ಬೇರೆ ರೋಗವಿತ್ತು’ ಎಂದು ನೆಮ್ಮದಿ ಪಟ್ಟುಕೊಂಡರೆ, ಆ ಬೇರೆ ರೋಗವನ್ನೇ ಹೊತ್ತವರಿಗೆ ಆ ಸಾಲು ಹೇಗೆ ಕಂಡಿರಬೇಕೆಂದು ಯೋಚಿಸಿದವರು ಕಡಿಮೆ. ಮುಂದೆ 2021ರ ಮಾರ್ಚ್ 1ರಿಂದ ಲಸಿಕೆ ಸಾರ್ವಜನಿಕರಿಗೆ ತೆರೆದಾಗ 45ರಿಂದ 59 ವರ್ಷದವರಲ್ಲಿ ಆದ್ಯತೆ ಪಡೆಯಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕ್ಯಾನ್ಸರನ್ನೂ ಸೇರಿಸಲಾಯಿತು. ಅದು ಸರಿಯಾದ ನಿರ್ಧಾರ. ಆದರೆ ಲಸಿಕೆ ಪಡೆಯಲು ವೈದ್ಯರ ಪ್ರಮಾಣಪತ್ರ ತೋರಿಸಬೇಕಿತ್ತು, ಕಾಯಿಲೆಯನ್ನು ಊರಿಗೆ ತಿಳಿಸದೆ ಬದುಕುತ್ತಿದ್ದವರಿಗೆ ಅದೂ ಒಂದು ಇರಿಸುಮುರಿಸು.

ಕಾಯಿಲೆಯನ್ನು ಮುಚ್ಚಿಡುವ ಈ ರೂಢಿಯನ್ನು ಇನ್ನಷ್ಟು ಬಿಡಿಸಿ ನೋಡಬೇಕು. ಕಲಬುರಗಿ ಸೀಮೆಯಲ್ಲಿ ಮಾತ್ರವೇ ಏನಲ್ಲ, ಭಾರತದ ಬಹುತೇಕ ಕಡೆ ಕ್ಯಾನ್ಸರಿನ ಹೆಸರು ರೋಗಿಗಿಂತ ಮೊದಲು ಮಗನಿಗೋ ಅಳಿಯನಿಗೋ ತಿಳಿಯುತ್ತದೆ. ಅವರು ವೈದ್ಯರನ್ನು ಪಕ್ಕಕ್ಕೆ ಕರೆದು ‘ಅವ್ವಗ ಹೇಳಬ್ಯಾಡ್ರಿ ಸಾಹೇಬ್ರ, ಎದಿ ಒಡಕೋತಾಳ’ ಎಂದು ಕೇಳಿಕೊಳ್ಳುತ್ತಾರೆ. ಮನೋ–ಗಂಥಿಶಾಸ್ತ್ರದಲ್ಲಿ ಇದನ್ನು ಮೌನದ ಒಪ್ಪಂದವೆಂದು ವಿವರಿಸುತ್ತಾರೆ: ಮನೆಯವರು ರೋಗಿಯನ್ನು ಉಳಿಸಲೆಂದು ಮುಚ್ಚಿಡುತ್ತಾರೆ, ರೋಗಿ ಎಲ್ಲವನ್ನೂ ಊಹಿಸಿಕೊಂಡೂ ಮನೆಯವರು ನೊಂದಾರೆಂದು ಏನೂ ತಿಳಿಯದವನಂತೆ ಇರುತ್ತಾನೆ, ಹೀಗೆ ಒಂದೇ ಸೂರಿನಡಿ ಇಬ್ಬರೂ ಒಬ್ಬಂಟಿಯಾಗುತ್ತಾರೆ. ಪ್ರೀತಿಯಿಂದಲೇ ಹುಟ್ಟಿದ ಈ ಮೌನವನ್ನು ಯಾರೂ ನಿಂದಿಸಬೇಕಾಗಿಲ್ಲ. ಸಾಮಾನ್ಯ ದಿನಗಳಲ್ಲಿ ಇದಕ್ಕೆ ಒಂದಿಷ್ಟು ಗಾಳಿಕಿಂಡಿಗಳಿರುತ್ತವೆ. ಆಸ್ಪತ್ರೆಯ ಸಾಲಿನಲ್ಲಿ ಪಕ್ಕ ಕುಳಿತವರು ತಮ್ಮ ಕಥೆ ಹೇಳುತ್ತಾರೆ, ನರ್ಸ್ ಒಂದು ಮಾತು ಕೇಳುತ್ತಾಳೆ, ಊರಿನಲ್ಲಿ ನೆಂಟರಿಷ್ಟರು ಹಣ್ಣು ಹಿಡಿದುಕೊಂಡು ‘ಮಾತಾಡಿಸಿಕೊಂಡು’ ಹೋಗಲು ಬರುತ್ತಾರೆ. ಜಡ್ಡಿನವರನ್ನು ನೋಡಿಬರುವ ಈ ಪದ್ಧತಿ ನಮ್ಮ ಹಳ್ಳಿಗಳು ಕಂಡುಕೊಂಡಿರುವ ಆಪ್ತಸಮಾಲೋಚನೆ. ಅದರಲ್ಲಿ ಬೇಡದ ಉಪದೇಶವೂ ಇರುತ್ತದೆ, ಎದೆಗುಂದಿಸುವ ಮಾತೂ ಇರುತ್ತದೆ, ಆದರೂ ತಾನು ಊರಿಗೆ ಬೇಕಾದವನೆಂಬ ನಂಬಿಕೆಯನ್ನು ಅದು ಉಳಿಸುತ್ತದೆ. ಕೋವಿಡ್ ಕಾಲದಲ್ಲಿ ಈ ಬರುವಿಕೆ ನಿಂತಿತು, ನಿಲ್ಲಲೇಬೇಕಾಗಿತ್ತು. ಸೋಂಕಿಗೆ ಹೆದರಿ ಅಕ್ಕಪಕ್ಕದವರು ದೂರ ನಿಂತಾಗ, ಕ್ಯಾನ್ಸರ್ ಅಂಟುರೋಗವೆಂಬ ಹಳೆಯ ತಪ್ಪುನಂಬಿಕೆ ಇನ್ನೂ ಸಾಯದ ಊರುಗಳಲ್ಲಿ ಎರಡು ಭಯಗಳೂ ಬೆರೆತುಹೋದವು. ಒಬ್ಬರ ಮೈ ಮುಟ್ಟಿದರೆ, ತಟ್ಟೆ ಹಂಚಿಕೊಂಡರೆ, ಒಟ್ಟಿಗೆ ಮಲಗಿದರೆ ಕ್ಯಾನ್ಸರ್ ಹರಡುವುದಿಲ್ಲ ಎಂಬ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಹಣದ ಚಿಂತೆ ಇದಕ್ಕೆಲ್ಲ ಅಡಿಪಾಯದಂತೆ ಇತ್ತು. ಬಡ ಕುಟುಂಬಗಳ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚ ಭರಿಸುವ ವ್ಯವಸ್ಥೆ ಈ ಭಾಗಕ್ಕೆ ಹೊಸದೇನಲ್ಲ. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ರಾಜ್ಯದಲ್ಲೇ ಮೊದಲು ಆರಂಭವಾದದ್ದು ಗುಲ್ಬರ್ಗ ವಿಭಾಗದಲ್ಲಿ, ಮತ್ತು 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತಿದೆ. ಯೋಜನೆ ಆಸ್ಪತ್ರೆಯ ಬಿಲ್ಲನ್ನು ಕಟ್ಟುತ್ತದೆ, ಆದರೆ ಬಾಡಿಗೆ ಕಾರಿನ ಹಣ, ಜೊತೆಗೆ ಹೋದವನ ಕೂಲಿ ನಷ್ಟ, ಪರವೂರಿನಲ್ಲಿ ಉಳಿಯುವ ಖರ್ಚು ಮನೆಯ ಮೇಲೆಯೇ ಬೀಳುತ್ತವೆ. ಬಸ್ಸು, ರೈಲು ನಿಂತಾಗ ಈ ಖರ್ಚು ಏರಿತು. ಕಾರ್ಖಾನೆ, ಗಣಿ, ಕಟ್ಟಡ ಕೆಲಸ ನಿಂತು ಆದಾಯ ಇಳಿಯಿತು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದ ಕಾರ್ಮಿಕರು ಶಾಲೆ, ವಸತಿನಿಲಯಗಳ ಕ್ವಾರಂಟೈನಿನಲ್ಲಿ ಕುಳಿತಾಗ, ಮನೆಗೆ ಹಣ ಕಳಿಸುತ್ತಿದ್ದ ಕೈಗಳೇ ಬರಿದಾಗಿದ್ದವು. ಅಕ್ಟೋಬರಿನಲ್ಲಿ ಭಾರಿ ಮಳೆ ಸುರಿದು ಕಾಗಿಣಾ, ಭೀಮಾ ನದಿಗಳು ಉಕ್ಕಿ ಹರಿದವು. ತೊಗರಿ ನೀರುಪಾಲಾದ ಹೊಲದ ಬದಿಯಲ್ಲಿ ನಿಂತವನಿಗೆ ಮುಂದಿನ ಸುತ್ತಿನ ಔಷಧಕ್ಕೆ ಹೋಗುವ ದಾರಿಯೇ ಕಾಣದಾಗುವುದು ಸಹಜ. ಎಷ್ಟೋ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ‘ಇನ್ನು ಸಾಕು ಬಿಡ್ರಿ’ ಎಂಬ ಮಾತು ರೋಗಿಯ ಬಾಯಿಂದಲೇ ಬರುತ್ತದೆ. ಅದು ಚಿಕಿತ್ಸೆ ಬೇಡವೆಂಬ ನಿರ್ಧಾರವೋ, ಮನೆಯವರ ಮೇಲಿನ ಕನಿಕರವೋ, ಅಥವಾ ಔಷಧದಿಂದ ವಾಸಿಯಾಗಬಲ್ಲ ಖಿನ್ನತೆಯ ಲಕ್ಷಣವೋ ಎಂದು ಬೇರ್ಪಡಿಸಿ ತಿಳಿಯಲು ತರಬೇತಿ ಪಡೆದ ಕಿವಿಯೊಂದು ಬೇಕು.

ದೂರವಾಣಿಯ ಮೂಲಕ ವೈದ್ಯರ ಸಲಹೆ ಪಡೆಯುವ ಟೆಲಿಮೆಡಿಸಿನ್ ಪದ್ಧತಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೊರಬಿದ್ದದ್ದು ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ 25ರಂದೇ. ಮುಂದೆ ಇ–ಸಂಜೀವಿನಿಯಂಥ ವ್ಯವಸ್ಥೆಯೂ ಬಂದಿತು, ನಿಮ್ಹಾನ್ಸ್ ಮನೋಸಾಮಾಜಿಕ ನೆರವಿಗಾಗಿ ರಾಷ್ಟ್ರೀಯ ಸಹಾಯವಾಣಿ ಆರಂಭಿಸಿತು. ಇವುಗಳಿಂದ ಆದ ಉಪಕಾರ ದೊಡ್ಡದು. ಹಾಗಿದ್ದರೂ ತಂಬಾಕು, ಗುಟ್ಕಾ, ಹಲ್ಲಿಗೆ ತಿಕ್ಕುವ ಮಿಶ್ರಿಯ ರೂಢಿ ಬಲವಾಗಿರುವ ಈ ಭಾಗದಲ್ಲಿ ಬಾಯಿಯ ಕ್ಯಾನ್ಸರ್ ಕಾಡುವ ರೋಗವಾಗಿರುವುದನ್ನು ಮರೆಯುವಂತಿಲ್ಲ. ನಾಲಗೆಯ ಭಾಗ ತೆಗೆದವರು, ದವಡೆ ಕತ್ತರಿಸಿಕೊಂಡವರು, ಉಸಿರಾಟಕ್ಕೆ ಕೊರಳಿನಲ್ಲಿ ರಂಧ್ರ ಮಾಡಿಸಿಕೊಂಡವರು ಫೋನಿನಲ್ಲಿ ಏನು ಮಾತಾಡಿಯಾರು? ಎದುರು ಕುಳಿತರೆ ಕಣ್ಣು, ಕೈಸನ್ನೆಗಳಿಂದ ಆಗುವ ಮಾತು ಫೋನಿನಲ್ಲಿ ಸತ್ತುಹೋಗುತ್ತದೆ, ಅವರ ಪರವಾಗಿ ಮಾತಾಡುವ ಮನೆಯವರ ಮುಂದೆ ಮನಸ್ಸಿನ ಮಾತು ಹೊರಬರುವುದೂ ಇಲ್ಲ. ಇದೇ ರೋಗಿಗಳಿಗೆ ಮುಖಗವಸು ಒಂದು ಬಗೆಯ ಮರೆಯನ್ನೂ ಒದಗಿಸಿತೆಂಬುದನ್ನು ಸೇರಿಸಬೇಕು. ಎಲ್ಲರ ಮುಖವೂ ಮುಚ್ಚಿದ್ದಾಗ ಗಾಯದ ಗುರುತು ಹೊತ್ತ ಮುಖದ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಲ್ಲರೂ ಮುಖಗವಸು ತೆಗೆದ ದಿನಗಳಲ್ಲಿ ಅವರಿಗೆ ಮತ್ತೊಮ್ಮೆ ನೆರವು ಬೇಕಾಗಬಹುದೆಂಬ ಯೋಚನೆ ಆಸ್ಪತ್ರೆಗಳಿಗೆ ಇರಬೇಕಿತ್ತು.

ಭಾಷೆಯ ತೊಡಕು ಇನ್ನೊಂದು. ಸೇಡಂ, ಚಿಂಚೋಳಿಗಳಿಂದ ಹೈದರಾಬಾದಿಗೆ ಹೋದವರು ತೆಲುಗಿನಲ್ಲಿ, ದಖನಿ ಉರ್ದುವಿನಲ್ಲಿ ಹೇಗೋ ವ್ಯವಹರಿಸುತ್ತಾರೆ. ಬಾರ್ಶಿಗೆ ಹೋದವರು ಮರಾಠಿಯಲ್ಲಿ ಕೆಲಸ ಸಾಗಿಸುತ್ತಾರೆ. ನೋವು ಎಲ್ಲಿ, ಎಷ್ಟು ಎಂಬುದನ್ನು ಪರಭಾಷೆಯಲ್ಲಿ ಹೇಳಬಹುದು, ಆದರೆ ಸಾಯುವ ಭಯವನ್ನು, ಮಕ್ಕಳ ಚಿಂತೆಯನ್ನು, ಸ್ತನ ತೆಗೆಸಿಕೊಂಡ ಹೆಣ್ಣು ಗಂಡನ ಮುಂದೆ ಪಡುವ ಸಂಕೋಚವನ್ನು ಬಿಚ್ಚಿಡಲು ಮನೆಮಾತೇ ಬೇಕು. ತಾಂಡಾದ ಲಂಬಾಣಿ ಹೆಣ್ಣುಮಗಳಿಗೆ ಕನ್ನಡವೂ ಎರಡನೆಯ ಭಾಷೆ. ಚಿಕಿತ್ಸೆ ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಮನಸ್ಸಿನ ಆರೈಕೆ ಮಾತ್ರ ಊರಿಗೆ ಹತ್ತಿರವಾಗಿ ಸಿಗಬೇಕೆಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

ಹತ್ತಿರದಲ್ಲಿ ಇಂಥ ಆರೈಕೆ ಕೊಡುವುದು ಅಸಾಧ್ಯವೆಂದು ಹೇಳುವವರಿಗೆ ಕಲ್ಯಾಣ ಕರ್ನಾಟಕದ ಇತಿಹಾಸದಲ್ಲೇ ಉತ್ತರವಿದೆ. ಮನೋರೋಗಗಳ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರ ಮೂಲಕ ಹಳ್ಳಿಗಳಿಗೆ ತಲುಪಿಸಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ರೂಪುಗೊಂಡದ್ದು ಆ ಬಳ್ಳಾರಿ ಮಾದರಿಯ ಮೇಲೆ. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ಕೊಡುವ ಏರ್ಪಾಟು ಬಂದಿತು. ಮೂವತ್ತು ವರ್ಷ ದಾಟಿದವರಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ಸೂಚನೆಗಳನ್ನು ಹುಡುಕಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಪರಿಷ್ಕೃತ ನಮೂನೆಯಲ್ಲಿ, ಮಾಡುವ ಕೆಲಸದಲ್ಲಿ ಆಸಕ್ತಿ ಕುಂದಿದೆಯೆ, ಮನಸ್ಸು ಕುಗ್ಗಿ ನಿರಾಶೆ ಕವಿದಿದೆಯೆ ಎಂಬ ಎರಡು ಪ್ರಶ್ನೆಗಳೂ ಸೇರಿವೆ. ಕ್ಯಾನ್ಸರನ್ನೂ ಖಿನ್ನತೆಯನ್ನೂ ಒಂದೇ ಹಾಳೆಯಲ್ಲಿ ಕೇಳುವ ಏರ್ಪಾಟು ಹೀಗೆ ಆಗಲೇ ಕೈಯಲ್ಲಿದೆ. ಇದರ ಜೊತೆಗೆ ಬೇಕಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲಿರುವ ಕ್ಯಾನ್ಸರ್ ರೋಗಿಗಳ ಒಂದು ಪಟ್ಟಿ, ಅವರ ಮುಂದಿನ ತಾರೀಖು ಗೊತ್ತಿರುವ ಮತ್ತು ತಾರೀಖು ತಪ್ಪಿದ ವಾರದಲ್ಲೇ ಫೋನ್ ಮಾಡಿ ವಿಚಾರಿಸುವ ಒಬ್ಬ ವ್ಯಕ್ತಿ. ಚಿಕಿತ್ಸೆ ಮುಂದೂಡಿದ್ದಕ್ಕೆ ವೈದ್ಯಕೀಯ ಕಾರಣವಿದ್ದರೆ ಅದನ್ನು ಸರಳವಾಗಿ ತಿಳಿಸಿದರೂ ಸಾಕು, ಸಂಕಟ ಎಷ್ಟೋ ಇಳಿಯುತ್ತದೆ. ಕೆಲವು ಕ್ಯಾನ್ಸರುಗಳಲ್ಲಿ ಒಂದೆರಡು ತಿಂಗಳ ವಿಳಂಬದಿಂದ ಹೆಚ್ಚು ಹಾನಿಯಿಲ್ಲವೆಂದೂ ಕೆಲವನ್ನು ಒಂದು ವಾರವೂ ತಡೆಯಬಾರದೆಂದೂ ವೈದ್ಯರು ಮಹಾಮಾರಿಯ ಕಾಲದಲ್ಲಿ ವಿಂಗಡಿಸಿಕೊಂಡಿದ್ದರು. ಆ ವಿಂಗಡಣೆ ರೋಗಿಗೆ ತಿಳಿಯದೆ ಹೋದಲ್ಲಿ, ತನ್ನನ್ನು ಕೈಬಿಟ್ಟರೆಂದೇ ಆತ ಭಾವಿಸುತ್ತಾನೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ–ಮನಸ್ ಸೇವೆ 14416 ಎಂಬ ಉಚಿತ ಸಂಖ್ಯೆಯಲ್ಲಿ ಹಗಲೂ ರಾತ್ರಿ ದೊರೆಯುತ್ತದೆ, ಕನ್ನಡದಲ್ಲಿ ಮಾತಾಡುವವರು ಅಲ್ಲಿದ್ದಾರೆ. ಬದುಕು ಬೇಡವೆನ್ನಿಸುವ ಯೋಚನೆ ಬಂದವರು, ಅಂಥ ಮಾತನ್ನು ಮನೆಯವರ ಬಾಯಲ್ಲಿ ಕೇಳಿದವರು ತಡಮಾಡದೆ ಈ ಸಂಖ್ಯೆಗೆ ಕರೆ ಮಾಡಬೇಕು. ರೋಗ ಗೊತ್ತಾದ ಮೊದಲ ಕೆಲವು ವಾರಗಳಲ್ಲಿ ಈ ಅಪಾಯ ಹೆಚ್ಚೆಂದು ಸ್ವೀಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನ ತೋರಿಸಿದೆ. ಕಿಮೋಥೆರಪಿಗಾಗಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ದಿನದ ಆರೈಕೆಯ ಕೇಂದ್ರಗಳನ್ನು ಮೂರು ವರ್ಷಗಳಲ್ಲಿ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿದೆ. ಆ ಕೇಂದ್ರಗಳಲ್ಲಿ ಔಷಧ ಹಚ್ಚುವ ನರ್ಸಿನ ಜೊತೆಗೆ ಆಪ್ತಸಮಾಲೋಚಕರ ಹುದ್ದೆಯನ್ನೂ ಮೊದಲೇ ಸೇರಿಸಿಕೊಳ್ಳದಿದ್ದರೆ, ನಂತರ ಅದನ್ನು ಸೇರಿಸುವುದು ಕಷ್ಟವೆಂದು ನಮ್ಮ ಆಸ್ಪತ್ರೆಗಳ ಅನುಭವ ಹೇಳುತ್ತದೆ.

ಮಹಾಮಾರಿಯ ಕಾಲದ ಕ್ಯಾನ್ಸರ್ ರೋಗಿಗಳ ಸಂಕಟ ಲಾಕ್‌ಡೌನಿನ ಜೊತೆಗೇ ಮುಗಿದಿಲ್ಲ. ಚಿಕಿತ್ಸೆ ಮುಗಿದ ಐದು ವರ್ಷ ರೋಗ ಮರಳದಿದ್ದರೆ ಅನೇಕ ಬಗೆಯ ಕ್ಯಾನ್ಸರುಗಳಲ್ಲಿ ಅದು ದೊಡ್ಡ ಭರವಸೆಯ ಘಟ್ಟ. 2020ರಲ್ಲಿ ಚಿಕಿತ್ಸೆ ಪಡೆದವರು ಆ ಘಟ್ಟವನ್ನು 2025ರಲ್ಲಿ ಮುಟ್ಟಿದ್ದಾರೆ, ಮತ್ತು ಪ್ರತಿ ತಪಾಸಣೆಯ ಮುನ್ನ ರೋಗ ಮರಳಿರಬಹುದೆಂದು ಕಾಡುವ ಸಹಜ ಭಯದ ಜೊತೆಗೆ ಅಂದು ತಪ್ಪಿದ ಸುತ್ತುಗಳ ನೆನಪೂ ಅವರನ್ನು ಕಾಡುತ್ತದೆ. ತೀರಿಹೋದವರ ಮನೆಗಳಲ್ಲಿ ಉಳಿದಿರುವುದು ಇನ್ನೂ ಭಾರವಾದದ್ದು. ಸೋಂಕಿನ ನಿಯಮಗಳಿಂದಾಗಿ ಆಸ್ಪತ್ರೆಯೊಳಗೆ ಜೊತೆಗೆ ಕೂರಲಾಗದವರು, ಮಣ್ಣಿಗೆ ನಾಲ್ಕೇ ಮಂದಿ ಹೋದವರು, ಬಂಧುಬಳಗವಿಲ್ಲದೆ ದಿನ ಮಾಡಿದವರು ಅಂದಿನ ದುಃಖವನ್ನು ಸರಿಯಾಗಿ ಕಳೆದುಕೊಂಡಿಲ್ಲ. ಆಗ ಕಾರು ಮಾಡಿಕೊಂಡು ಹೋಗಿದ್ದರೆ ಉಳಿಯುತ್ತಿದ್ದರೇನೋ ಎಂಬ ಪ್ರಶ್ನೆಯನ್ನು ಮಕ್ಕಳು ತಮ್ಮಷ್ಟಕ್ಕೆ ತಾವೇ ಕೇಳಿಕೊಳ್ಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಚಿಕಿತ್ಸೆ ಮಾಡಿದ ವೈದ್ಯರು. ಹಳೆಯ ಕಡತ ತೆರೆದು, ರೋಗ ಆಗ ಯಾವ ಹಂತದಲ್ಲಿತ್ತು, ವಿಳಂಬದಿಂದ ಆದದ್ದೆಷ್ಟು, ರೋಗದ ಸ್ವಭಾವದಿಂದಲೇ ಆದದ್ದೆಷ್ಟು ಎಂದು ಅರ್ಧ ಗಂಟೆ ಕುಳಿತು ಹೇಳುವ ಭೇಟಿಯನ್ನು ಉಪಶಾಮಕ ಆರೈಕೆಯಲ್ಲಿ, ಅಂದರೆ ಗುಣಪಡಿಸಲಾಗದ ಹಂತದಲ್ಲಿ ನೋವು–ಸಂಕಟಗಳನ್ನು ಶಮನಮಾಡುವ ವೈದ್ಯಶಾಖೆಯಲ್ಲಿ, ಮರಣಾನಂತರದ ಆರೈಕೆಯೆಂದೇ ಪರಿಗಣಿಸಲಾಗುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಆ ಕುಟುಂಬಗಳಿಗೆ ಈ ಭೇಟಿಯನ್ನು ಈಗಲೂ ಕೊಡಬಹುದು.